ಕೆಮ್ಮು ಕೇಳಿಸಿದವಳು

ಫೆಬ್ರವರಿ 27, ಮಂಗಳವಾರ

ಬೆಳಿಗ್ಗೆ ಎಂಟೂಮುಕ್ಕಾಲಿಗೆ ಆಸ್ಪತ್ರೆಯ ಕಿವಿ ಪರೀಕ್ಷೆಯ ಬೂತ್ ತೆರೆದೆ. ದಿನದ ಹಾಗೆ ಹೆಡ್‌ಫೋನ್ ನಾನೇ ಹಾಕಿಕೊಂಡು ಚೆಕ್ ಮಾಡಿದೆ. ಎಡ, ಬಲ. ಐನೂರು ಹರ್ಟ್ಸಿನ ದಪ್ಪ ಸ್ವರದಿಂದ ಎಂಟು ಸಾವಿರದ ತೆಳು ಸ್ವರದವರೆಗೆ ಒಂದೊಂದೇ ಟೋನ್. ಎಲ್ಲ ಸರಿ. ರಿಜಿಸ್ಟರಿನಲ್ಲಿ ಟಿಕ್, ಸಹಿ. ಇಪ್ಪತ್ತಾರು ವರ್ಷದಿಂದ ಇದೇ. ನಿದ್ದೆಗಣ್ಣಲ್ಲೂ ಮಾಡಬಲ್ಲೆ.

ಕಿವಿ ಪರೀಕ್ಷೆಗೆ ಇಂದು ನಾಲ್ಕು ಜನ. ಕೊನೆಯವರು ಡಿಪೋದಿಂದ ವರ್ಷದ ತಪಾಸಣೆಗೆ ಬಂದ ಬಸ್ ಡ್ರೈವರ್. ವಯಸ್ಸು ಐವತ್ತೊಂಬತ್ತು. ಎಡಗಿವಿ ಚೆನ್ನಾಗಿದೆ. ಬಲಗಿವಿ ನಾಲ್ಕು ಸಾವಿರದಿಂದ ಮೇಲೆ ಪಾತಾಳ. ಡಿಪೋದ ನಿಯಮದಲ್ಲಿ ಫೇಲ್.

"ನಂಗೆ ಚೆನ್ನಾಗಿ ಕೇಳುತ್ತೆ ಮೇಡಂ. ಹಿಂದಿನ ಸೀಟಲ್ಲಿ ಯಾರಾದ್ರೂ ಚಿಲ್ಲರೆ ಬೀಳಿಸಿದ್ರೂ ಗೊತ್ತಾಗುತ್ತೆ."

"ಎಲ್ರೂ ಹೀಗೇ ಹೇಳ್ತಾರೆ. ಕಿವಿ ಹೋಗಿದ್ದು ಹೋದವರಿಗೇ ಕೊನೇಲಿ ಗೊತ್ತಾಗೋದು."

"ಇನ್ನೊಂದ್ಸಲ ನೋಡಿ ಮೇಡಂ. ರಿಟೈರ್ ಆಗೋಕೆ ಹನ್ನೊಂದು ತಿಂಗಳಿದೆ. ಸ್ಟೀರಿಂಗ್ ಬಿಡಿಸಿಬಿಡ್ತಾರೆ."

ನೋಡಿದೆ. ಅದೇ ಫಲ. ಸಹಿ ಹಾಕಿ ಚೀಟಿ ಕೊಟ್ಟೆ. ಮುಖ ಸಪ್ಪೆ ಮಾಡಿಕೊಂಡು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ನಾನೇನು ಮಾಡಲಿ? ಮಷೀನು ನನ್ನ ಮಾತು ಕೇಳುತ್ತದೆಯೇ.

ಸಂಜೆ ಅಣ್ಣನ ಫೋನ್. ಹಲೋ ಕೂಡ ಇಲ್ಲ. "ಬಂತು ಕಣೇ! ನಮ್ಮ ಸಿನಿಮಾದ ಹೊಸ ಪ್ರಿಂಟು ಬಂತು! ಭಾನುವಾರ ಮೂರು ಗಂಟೆಗೆ ಬರದೇ ಇದ್ರೆ ನಿನ್ನ ಮುಖ ನೋಡಲ್ಲ." ಅರವತ್ತು ದಾಟಿದ ಮನುಷ್ಯ. ಮೂರು ವರ್ಷದ ಮಗುವಿನ ಕುಣಿತ.

ಮಾರ್ಚ್ 3, ಭಾನುವಾರ, ಸಂಜೆ 7

ಅಣ್ಣನ ಫರ್ನಿಚರ್ ಅಂಗಡಿ. ಶಟರ್ ಮುಕ್ಕಾಲು ಎಳೆದು, ಮಾರಾಟವಾಗದ ಸೋಫಾಗಳನ್ನು ಸಾಲಾಗಿ ಇಟ್ಟಿದ್ದ. ಪ್ಲಾಸ್ಟಿಕ್ ಕವರ್ ತೆಗೆಯುವಂತಿಲ್ಲ. ಅಲುಗಾಡಿದರೆ ಕಿರ್ ಎನ್ನುತ್ತದೆ, ಅಲುಗಾಡಿದವರಿಗೆ ಬೈಗುಳ. ಹನ್ನೊಂದು ಜನ ನಾವು. ತಿಂಗಳ ಮೊದಲ ಭಾನುವಾರ, ಇಪ್ಪತ್ತು ವರ್ಷದಿಂದ, ಅದೇ ಸಿನಿಮಾ. ಅರ್ಧ ಶತಮಾನದ ಹಿಂದೆ ಒಂದು ಹಳೆಯ ಗೋಡೌನಿನಲ್ಲಿ ಒಂದೇ ರಾತ್ರಿ ನಡೆದ ರಾಕ್ ಸಂಗೀತ ಕಛೇರಿಯ ಚಿತ್ರ. ಅದಕ್ಕೊಂದು ಉದ್ದದ ಹೆಸರಿದೆ. ನಮಗೆ ಬರೀ 'ಗೋಡೌನ್'.

ಮೊದಲ ಕಾಲು ಗಂಟೆ ಸಂಗೀತವೇ ಇಲ್ಲ. ಲಾರಿ, ಪೆಟ್ಟಿಗೆಗಳು, ನೆಲಕ್ಕೆ ವೈರ್ ಅಂಟಿಸುತ್ತಿರುವ ಜನ. ಹೊಸಬರು ಇಲ್ಲೇ ಎದ್ದು ಹೋಗುತ್ತಾರೆ. ನಮಗೆ ಈ ಭಾಗವೇ ಪ್ರಾಣ. ಡ್ರಮ್ಮಿನವನು ಪೆಟ್ಟಿಗೆಯ ಮೇಲೆ ಕುಳಿತು ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾನೆ, ನಿಧಾನವಾಗಿ, ಲೋಕದಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ. ನಾವೂ ಬಿಡಿಸುತ್ತೇವೆ. ಅಣ್ಣ ಬಕೆಟ್ಟಿನಲ್ಲಿ ಮೊಟ್ಟೆ ತಂದಿಡುತ್ತಾನೆ. ಯಾವಾಗ, ಯಾರು ಶುರು ಮಾಡಿದರೋ ನೆನಪಿಲ್ಲ. ಮೂರನೆಯ ಹಾಡಿನಲ್ಲಿ ಡ್ರಮ್ಮಿನವನ ಕೈಯ ಕೋಲು ಹಾರಿಹೋಗುತ್ತದೆ. ಹನ್ನೊಂದು ಜನವೂ ಹಿಡಿಯಲು ಕೈ ಚಾಚುತ್ತೇವೆ. ಆರನೆಯದರಲ್ಲಿ ಗಿಟಾರಿನವನ ತಂತಿ ಹರಿಯುತ್ತದೆ. ಉಳಿದ ಐದರಲ್ಲೇ ಹಾಡು ಮುಗಿಸುತ್ತಾನೆ, ಹರಿದ ತಂತಿ ಲೈಟಿನಲ್ಲಿ ಹೊಳೆಯುತ್ತ ನೇತಾಡುತ್ತಿರುತ್ತದೆ. ಅಲ್ಲಿ ಪ್ರೊಫೆಸರ್ ಅಳುತ್ತಾನೆ. ಪ್ರೊಫೆಸರ್ ಅಂದರೆ ಬೇಕರಿಯವನು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಆದರೆ ಬಾಯಿ ತೆರೆದರೆ ಲೆಕ್ಚರು. ಇವತ್ತು ಹೊಸ ಪ್ರಿಂಟಿನಲ್ಲಿ ತಂತಿ ಕೂದಲೆಳೆಯಷ್ಟು ಸ್ಪಷ್ಟ. ಮೂಗು ಒರೆಸಿ ಒರೆಸಿ ಕರ್ಚೀಫು ತೋಯಿಸಿದ.

ಎಂಟನೆಯ ಹಾಡು. ಹಾಡುವವಳನ್ನು ನಾವು 'ಯಜಮಾನಿ' ಎನ್ನುತ್ತೇವೆ. ವಾದ್ಯದವರಿಗೆ ಸಾಕು ಎಂದು ಕೈ ತೋರಿಸುತ್ತಾಳೆ. ಮೈಕನ್ನು ನೆಲದ ಮೇಲೆ ಮಲಗಿಸಿ ವೇದಿಕೆಯ ಅಂಚಿಗೆ ಬರುತ್ತಾಳೆ. ಬರೀ ಗಂಟಲಲ್ಲಿ ಒಂದು ಸಾಲು. ನಿಲ್ಲಿಸುತ್ತಾಳೆ. ಒಂಬತ್ತು ಸೆಕೆಂಡು. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದಾರೆ. ಆಗ ಬಲಗಡೆ ಎಲ್ಲಿಂದಲೋ ಒಂದು ಕೆಮ್ಮು. ಅವಳ ತುಟಿಯ ಕೊನೆ ನಗುತ್ತದೆ. ಆಮೇಲೆ ಎರಡನೆಯ ಸಾಲು.

ಕ್ಯಾಮರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಹಾಗಾಗಿ ಕೆಮ್ಮಿದ್ದು ಯಾರು ಎಂಬುದು ನಮ್ಮ ಇಪ್ಪತ್ತು ವರ್ಷದ ಜಗಳ. ಬೀಡಿ ಸೇದುವ ಗಂಡಸು ಎಂದು ಟೇಪ್. ಟೇಪ್ ಅಂದರೆ ದರ್ಜಿ, ಇಡೀ ಸಿನಿಮಾದ ಶಬ್ದವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಅದು ಸವೆದು ಹೋಗುವವರೆಗೆ ಹೊಲಿಗೆ ಮಷೀನು ತುಳಿಯುತ್ತ ಕೇಳಿದವನು. ಅಲ್ಲ, ಹೆಂಗಸು ಎಂದು ಪ್ರೊಫೆಸರ್. ಏನೇ ಇರಲಿ, ಆ ಒಂಬತ್ತು ಸೆಕೆಂಡಿಗೆ ಎಲ್ಲರೂ ಕಣ್ಣು ಮುಚ್ಚಬೇಕು. ಕೆಮ್ಮು ಕೇಳಿಸಿದ ತಕ್ಷಣ ಕೈ ಎತ್ತಬೇಕು. ಅದು ನಮ್ಮ ಪದ್ಧತಿ. ಹದಿನಾರು ವರ್ಷದವಳಿದ್ದಾಗ ಅಣ್ಣ ಒಂದು ಮುರುಕು ಟಾಕೀಸಿಗೆ ಕರೆದೊಯ್ದು ಇದನ್ನು ಮೊದಲು ತೋರಿಸಿದ. ಕೇಳುವುದು ಅಂದರೆ ಏನು ಎಂದು ನನಗೆ ತಿಳಿದದ್ದೇ ಆವತ್ತು. ಈ ಕೆಲಸಕ್ಕೆ ಬಂದದ್ದೂ ಅದರಿಂದಲೇ ಅಂದರೆ ಯಾರೂ ನಂಬುವುದಿಲ್ಲ.

ಇಂದು ಕಣ್ಣು ಮುಚ್ಚಿದೆ. ಮೌನ. ಕೆಮ್ಮು ಕೇಳಿಸಿತು. ಕೈ ಎತ್ತಿದೆ. ಕಣ್ಣು ಬಿಟ್ಟು ನೋಡಿದರೆ ಎತ್ತಿದ್ದು ನನ್ನದೊಂದೇ ಕೈ.

ಟೇಪ್ ದಡಕ್ಕನೆ ಎದ್ದ. "ಎಲ್ಲಿ? ಕೆಮ್ಮೆಲ್ಲಿ?"

ಅಣ್ಣ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಇಲ್ಲ. ಕಂಪನಿಯವರು ಶಬ್ದ ಶುದ್ಧ ಮಾಡುವಾಗ ಕೊಳೆಯ ಜೊತೆ ಕೆಮ್ಮನ್ನೂ ತೊಳೆದುಬಿಟ್ಟಿದ್ದಾರೆ. ಅಂಗಡಿ ಸಂತೆಯಾಯಿತು. "ಇವರ ಕೈ ಸೇದಿ ಹೋಗ!" ಎಂದು ಅಣ್ಣ. "ಈಗ ನೋಡೋರಿಗೆ ಅವಳು ಯಾಕೆ ನಕ್ಕಳು ಅಂತ ಹೇಗ್ರೀ ಗೊತ್ತಾಗ್ಬೇಕು? ಹುಚ್ಚಿ ಅಂದ್ಕೊಳ್ಳಲ್ವಾ?" ಎಂದು ಪ್ರೊಫೆಸರ್.

"ನಂಗೆ ಕೇಳಿಸ್ತಲ್ಲ," ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. "ಇವಳ ಕಿವಿ ಅಂದ್ರೆ ಏನಂದ್ಕೊಂಡ್ರಿ? ಅಳಿಸಿದ್ರೂ ಕೇಳುತ್ತೆ!" ಎಂದ ಅಣ್ಣ. ನಾನೂ ನಕ್ಕೆ. ಮೂರು ಸಲ ಹಾಕಿದರು. ಮೂರು ಸಲವೂ ನನಗೆ ಕೇಳಿಸಿತು. ಬಲಗಡೆಯಿಂದ, ತಗ್ಗಿದ ದನಿ, ಕೊನೆಯಲ್ಲಿ ಸ್ವಲ್ಪ ಎಳೆತ.

ಹೊರಡುವಾಗ ಟೇಪ್ ಚಪ್ಪಲಿ ಮೆಟ್ಟುತ್ತ ಕೇಳಿದ, "ಅಕ್ಕಾ, ನಿಜವಾಗ್ಲೂ ಕೇಳಿಸ್ತಾ?"

"ತಮಾಷೆಗೆ ಅಂದೆ ಕಣೋ."

ಮಾರ್ಚ್ 4, ಸೋಮವಾರ

ಏಳೂವರೆಗೇ ಆಸ್ಪತ್ರೆಗೆ ಹೋದೆ. ಕಸ ಗುಡಿಸುವವಳು ಕೂಡ ಬಂದಿರಲಿಲ್ಲ.

ತಲೆಯಲ್ಲಿ ಒಂದೇ ಯೋಚನೆ. ಬೆಳಗಿನ ಚೆಕ್ಕಿನಲ್ಲಿ ಗುಂಡಿ ಒತ್ತುವವಳೂ ನಾನೇ, ಕೇಳುವವಳೂ ನಾನೇ. ಯಾವ ಟೋನ್ ಬರುತ್ತದೆಂದು ಮೊದಲೇ ಗೊತ್ತು. ಕೆಮ್ಮು ಗೊತ್ತಿದ್ದ ಹಾಗೆ.

ಹೆಡ್‌ಫೋನ್ ಹಾಕಿಕೊಂಡೆ. ಬಲಗಡೆಯ ಪಿನ್ನನ್ನು ಮಷೀನಿನಿಂದ ಕಿತ್ತೆ. ನಾಲ್ಕು ಸಾವಿರ ಒತ್ತಿದೆ. ಕೇಳಿಸಿತು. ಆರು ಸಾವಿರ... ತೆಳ್ಳಗೆ, ಆದರೂ ಕೇಳಿಸಿತು. ಕಿತ್ತ ಪಿನ್ನು ನನ್ನ ಕೈಯಲ್ಲೇ ಇತ್ತು.

ರಿಜಿಸ್ಟರಿನಲ್ಲಿ ಟಿಕ್ ಹಾಕಿದೆ. ಸಹಿ ಸೊಟ್ಟಗಾಯಿತು.

ಮಾರ್ಚ್ 5, ಮಂಗಳವಾರ

ಇಂಜೆಕ್ಷನ್ ರೂಮಿನ ಸಿಸ್ಟರನ್ನು ಕರೆದೆ. ಇನ್ನೂ ಮೂವತ್ತಾಗದ ಹುಡುಗಿ, ಚೂಟಿ. "ಸುಮ್ನೆ ಒಂದು ಚೆಕ್ಕು. ಕೇಳಿಸಿದ್ರೆ ಕೈ ಎತ್ತು."

ಎಡಗಡೆ ಎಲ್ಲದಕ್ಕೂ ಕೈ ಎತ್ತಿದಳು. ಬಲಗಡೆ ಸಾವಿರ, ಎರಡು ಸಾವಿರ, ಸರಿ. ನಾಲ್ಕು ಸಾವಿರ ಒತ್ತಿದೆ. ಸುಮ್ಮನೆ ಕುಳಿತಿದ್ದಾಳೆ.

"ಹಾಕಿ ಮೇಡಂ."

"ಹಾಕಿದೀನಿ."

"ಏನೂ ಬರ್ತಿಲ್ವಲ್ಲ."

ಆರು ಸಾವಿರ, ಎಂಟು ಸಾವಿರ. ಇಲ್ಲ. ಹೆಡ್‌ಫೋನ್ ತಿರುವಿ ಹಾಕಿಸಿದೆ. ಆಗ ಅವಳ ಬಲಗಿವಿಗೆ ಎಲ್ಲ ಕೇಳಿಸಿತು, ಎಡಗಿವಿಗೆ ಇಲ್ಲ. "ಇದು ಕೆಟ್ಟುಹೋಗಿದೆ ಮೇಡಂ. ಬೆಳಿಗ್ಗೆ ನೀವು ನೋಡುವಾಗ ಗೊತ್ತಾಗ್ಲಿಲ್ವಾ?"

"ಈಗ್ತಾನೇ ಆಗಿರ್ಬೇಕು," ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಫೈಲು ತೆಗೆದೆ. ಫೆಬ್ರವರಿ 12ರಿಂದ ಈಚೆಗೆ ಬಂದವರದೆಲ್ಲ ಬಲಗಿವಿ ಒಂದೇ ಜಾಗದಲ್ಲಿ ಕುಸಿದಿದೆ. ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಬರೆದಿದ್ದೇನೆ, ನನ್ನದೇ ದುಂಡಗಿನ ಅಕ್ಷರದಲ್ಲಿ. ವಯಸ್ಸು. ಕಾರ್ಖಾನೆ. ಮೊಬೈಲ್. ನಲವತ್ತಮೂರು ಜನ. ಹೆಚ್ಚಿನವರಿಗೆ ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದೇನೆ ಅಷ್ಟೆ. ಕೆಲಸಕ್ಕೆ ಕಲ್ಲು ಬಿದ್ದದ್ದು ಒಬ್ಬರಿಗೆ. ಆ ಡ್ರೈವರ್.

ಬೀರುವಿನಲ್ಲಿದ್ದ ಇನ್ನೊಂದು ಹೆಡ್‌ಫೋನ್ ತೆಗೆದು ಸಿಸ್ಟರಿಗೆ ಕೇಳಿಸಿದೆ. ಚೆನ್ನಾಗಿದೆ. ಕೆಟ್ಟದ್ದನ್ನು ಪೇಪರಿನಲ್ಲಿ ಸುತ್ತಿ ಕೆಳಗಿನ ಅರೆಗೆ ತಳ್ಳಿದೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 14, ಗುರುವಾರ

ಒಂಬತ್ತು ದಿನ ಈ ಡೈರಿ ಮುಟ್ಟಲಿಲ್ಲ. ಬರೆದರೆ ಒಪ್ಪಿಕೊಂಡಂತೆ.

ಈಗ ದಿನಾ ಬೆಳಿಗ್ಗೆ ಸಿಸ್ಟರ್ ಕೇಳುತ್ತಾಳೆ, ನಾನು ಸಹಿ ಹಾಕುತ್ತೇನೆ. ಹೊಸ ರೂಲು ಎಂದಿದ್ದೇನೆ ಅವಳಿಗೆ. ಹೆಡ್‌ಫೋನ್ ವಿಷಯ ಬಾಯಿಬಿಟ್ಟರೆ ಮುಂದಿನ ಪ್ರಶ್ನೆ ಗೊತ್ತು: ಮೂರು ವಾರ ನೀವೇನು ಕೇಳುತ್ತಿದ್ದಿರಿ? ಅದಕ್ಕೆ ಒಂದೇ ಉತ್ತರ. ಕಿವಿ ಪರೀಕ್ಷೆ ಮಾಡುವವಳೇ ಕಿವುಡಿ. ಇನ್ನೂ ಏಳು ವರ್ಷ ಸರ್ವೀಸ್ ಇದೆ. ನನಗೆ ಬೇರೆ ಏನು ಬರುತ್ತದೆ? ಯಾರು ಇಟ್ಟುಕೊಳ್ಳುತ್ತಾರೆ? ಡ್ರೈವರಿಗೇನು, ಕೆಲಸವಂತೂ ಹೋಗುವುದಿಲ್ಲ, ಬೇರೆ ಕಡೆ ಹಾಕುತ್ತಾರೆ... ಹೀಗೆ ದಿನಕ್ಕೊಂದು ನೆಪ. ನೆಪವೆಂದು ನನಗೂ ಗೊತ್ತು.

ಅಣ್ಣನ ಫೋನ್ ಮೇಲೆ ಫೋನ್. ಕೆಮ್ಮು ವಾಪಸ್ ಹಾಕಿ ಎಂದು ಕಂಪನಿಗೆ ಅರ್ಜಿ ಬರೆಯುತ್ತಿದ್ದಾರಂತೆ. ಬೇರೆ ಊರುಗಳ ಅಭಿಮಾನಿಗಳೂ ಸೇರಿದ್ದಾರೆ. "ಮೊದಲ ಸಹಿ ನಿಂದೇ. ಕಿವಿ ಎಕ್ಸ್‌ಪರ್ಟ್ ಹೇಳಿದ್ರೆ ಅದಕ್ಕೊಂದು ತೂಕ ಇರುತ್ತೆ." ನೋಡ್ತೀನಿ ಎಂದೆ.

ಸಂಜೆ ಇವರ ಜೊತೆ ತರಕಾರಿಗೆ ಹೋಗಿದ್ದೆ. ಬರುವಾಗ ಎಡಗಡೆ ನಡೆಯುತ್ತಿದ್ದರು. ಬೈಕೊಂದು ನುಗ್ಗಿ ಬಂದಾಗ ಬಲಕ್ಕೆ ಸರಿದರು. ಎರಡು ಹೆಜ್ಜೆ ಆಗಲಿಲ್ಲ, ನನ್ನ ಬೆನ್ನ ಹಿಂದೆ ಸುತ್ತಿ ಮತ್ತೆ ಎಡಕ್ಕೇ ಬಂದರು.

"ಏನ್ರೀ ಇದು, ನನ್ನ ಸುತ್ತ ಪ್ರದಕ್ಷಿಣೆ?"

"ಆ ಕಡೆಯಿಂದ ಮಾತಾಡಿದ್ರೆ ನೀನು ಹೂಂ ಅಂತೀಯ. ಈ ಕಡೆಯಿಂದಾದ್ರೆ ಜಗಳ ಆಡ್ತೀಯ. ನಂಗೆ ಜಗಳಾನೇ ಇಷ್ಟ."

ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. "ಯಾವಾಗಿಂದ?"

"ಎರಡು ವರ್ಷ ಆಯ್ತೇನೋ."

"ಹೇಳ್ಬಾರ್ದಿತ್ತಾ?"

"ಕಿವಿ ವಿಷ್ಯ ನಿಂಗೆ ನಾನು ಹೇಳೋದಾ?"

ಮೊದಲು ಸಿಟ್ಟು ಬಂತು. ಆಮೇಲೆ ಅಳು. ರಸ್ತೆಯ ಮಧ್ಯೆ, ಜನ ನೋಡುತ್ತಿದ್ದರೂ ತಡೆಯಲಾಗಲಿಲ್ಲ. ಮನೆಗೆ ಬಂದು ಎಲ್ಲ ಹೇಳಿದೆ, ಹೆಡ್‌ಫೋನಿನದೂ, ಡ್ರೈವರಿನದೂ. ಇವರು ಬೈಯಲಿಲ್ಲ. "ಆ ಮನುಷ್ಯ ಈಗೆಲ್ಲಿದ್ದಾನೆ, ನೋಡಿದ್ಯಾ?" ಎಂದರು ಅಷ್ಟೆ.

ಮಾರ್ಚ್ 16, ಶನಿವಾರ

ನೋಡಿ ಬಂದೆ.

ಡಿಪೋದಲ್ಲಿ ಬಸ್ ಪಾಸಿನ ಕಿಟಕಿ. ಕ್ಯೂನಲ್ಲಿ ಹತ್ತು ಜನ. ಕಿಟಕಿಯ ಒಳಗೆ ಅವರು, ಸಿವಿಲ್ ಡ್ರೆಸ್ಸಿನಲ್ಲಿ. ಯೂನಿಫಾರಂ ಇಲ್ಲದೆ ಗುರುತೇ ಸಿಗಲಿಲ್ಲ. ಪಕ್ಕದ ಟೇಬಲ್ಲಿನ ಗುಮಾಸ್ತ ಕ್ಯೂನವರಿಗೆ ಹೇಳುತ್ತಿದ್ದ, "ಕೂಗಿ ಹೇಳ್ರೀ, ಆ ಯಜಮಾನ್ರಿಗೆ ಕಿವಿ ಮಂದ." ಜನ ಕೂಗುತ್ತಿದ್ದರು. ಹೆಸರು ಕೂಗಿ, ವಿಳಾಸ ಕೂಗಿ. ಒಬ್ಬ ಕಾಲೇಜು ಹುಡುಗಿ ಕೂಗಿ ಕೂಗಿ ಕೊನೆಗೆ ನಗಲು ಶುರು ಮಾಡಿದಳು. ಅವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ನನ್ನ ಸರದಿ ಬರುವಷ್ಟರಲ್ಲಿ ಕ್ಯೂ ಬಿಟ್ಟು ಹೊರಗೆ ಬಂದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಾರ್ಚ್ 18, ಸೋಮವಾರ

ಡಾಕ್ಟರ ಟೇಬಲ್ಲಿನ ಮೇಲೆ ಪೇಪರಿನ ಗಂಟು ಇಟ್ಟು ಬಿಚ್ಚಿದೆ. ನಲವತ್ತಮೂರು ಫೈಲು ಪಕ್ಕದಲ್ಲಿ. ನಿಂತುಕೊಂಡೇ ಹೇಳಿದೆ. ಕುಳಿತರೆ ಎಲ್ಲಿ ಮಾತು ತಿರುಗಿಸುತ್ತೇನೋ ಎಂಬ ಭಯ.

ಡಾಕ್ಟರು ಕನ್ನಡಕ ತೆಗೆದರು. "ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿಮೂರು ದಿನ."

"ಹದಿಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ."

"ಹೌದು ಸರ್."

"ನಿಮ್ಮಿಂದ ಇದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ." ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು. ನಲವತ್ತಮೂರು ಜನರನ್ನೂ ಮತ್ತೆ ಕರೆಸಬೇಕು, ಡ್ರೈವರನ್ನು ಮೊದಲು. ಬೇರೆ ಆಸ್ಪತ್ರೆಯಿಂದ ಒಬ್ಬ ಟೆಕ್ನಿಷಿಯನ್ನನ್ನು ಕರೆಸುತ್ತಾರಂತೆ. "ನಿಮ್ಮ ಕಿವಿ ಯಾವಾಗ ಟೆಸ್ಟ್ ಮಾಡಿಸಿದ್ರಿ?"

"ಮಾಡಿಸಿಲ್ಲ."

"ಇಪ್ಪತ್ತಾರು ವರ್ಷದಲ್ಲಿ?"

"ಒಂದ್ಸಲಾನೂ ಇಲ್ಲ."

ಬೂತಿನ ಬೀಗದ ಕೈ ಕೇಳಿ ಇಸಿದುಕೊಂಡರು. ನನ್ನ ಪರೀಕ್ಷೆ ಆಗುವವರೆಗೆ ರೆಕಾರ್ಡ್ ರೂಮಿನಲ್ಲಿ ಕೂರಬೇಕು. ಆಮೇಲಿನದು ಆಮೇಲೆ.

ಮಾರ್ಚ್ 21, ಗುರುವಾರ

ಡ್ರೈವರ್ ಬಂದರು. ಜೊತೆಯಲ್ಲಿ ಹೆಂಡತಿ. ಟೆಕ್ನಿಷಿಯನ್ ಒಳಗೆ ಕರೆದುಕೊಂಡು ಹೋದ. ನಾನು ಹೊರಗೆ ಬೆಂಚಿನ ಮೇಲೆ, ರೋಗಿಗಳು ಕೂರುವಲ್ಲಿ.

ಇಪ್ಪತ್ತು ನಿಮಿಷ. ಎರಡು ಕಿವಿಯೂ ಸರಿ. ಬಲಗಿವಿ ಎಡಕ್ಕಿಂತ ಒಂದು ಕೈ ಮೇಲು. ಎದ್ದು ನಿಂತು ಕೈ ಮುಗಿದೆ. ತಪ್ಪು ನನ್ನದು, ಮಷೀನಿನದಲ್ಲ, ನನಗೇ ಕೇಳಿಸುತ್ತಿರಲಿಲ್ಲ ಎಂದೆ. ಅವರು ಚೀಟಿಯನ್ನೇ ನೋಡುತ್ತಿದ್ದರು.

"ಮೂರು ವಾರದಿಂದ ಮನೇಲಿ ಎಲ್ರೂ ನನ್ನ ಹತ್ರ ಕೂಗಿ ಮಾತಾಡ್ತಿದಾರೆ ಮೇಡಂ," ಎಂದರು. "ಮೊದಲು ಸಿಟ್ಟು ಬರ್ತಿತ್ತು. ಆಮೇಲಾಮೇಲೆ ನಂಗೇ ಕೇಳಿಸದೇ ಇರೋಕೆ ಶುರುವಾಯ್ತು. ನಿಜ. ಇವಳು ಅಡುಗೆಮನೆಯಿಂದ ಕರೆದ್ರೆ ಕೇಳಿಸ್ತಿರ್ಲಿಲ್ಲ. ಆಸ್ಪತ್ರೆಯವರು ಹೇಳಿದಾರಲ್ಲ, ಇನ್ನೇನು ಅಂದ್ಕೊಂಡೆ."

"ಮತ್ತೆ ಗಾಡಿ ಕೊಡ್ತಾರಾ?" ಎಂದು ಹೆಂಡತಿ ನನ್ನನ್ನು ಕೇಳಿದರು.

"ಡಾಕ್ಟರು ಇವತ್ತೇ ಪತ್ರ ಬರೀತಾರಮ್ಮ."

"ಅವತ್ತೇ ಹೇಳಿದ್ರು ಇವ್ರು, ಕೇಳುತ್ತೆ ಅಂತ. ನೀವು ಕಿವಿಗೇ ಹಾಕ್ಕೊಳ್ಲಿಲ್ವಂತೆ." ಆಕೆ ನನ್ನ ಮುಖ ನೋಡದೆ ಗಂಡನ ತೋಳು ಹಿಡಿದು ಕರೆದುಕೊಂಡು ಹೋದರು. ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮಾರ್ಚ್ 24, ಭಾನುವಾರ

ಅಣ್ಣ ಅರ್ಜಿ ಹಿಡಿದುಕೊಂಡು ಮನೆಗೇ ಬಂದ. ಮೂರು ಪುಟ. ಪ್ರೊಫೆಸರ್ ಬರೆದದ್ದು, ಒಂದೊಂದು ವಾಕ್ಯ ಒಂದೊಂದು ಗಜ. 'ಸದರಿ ಕೆಮ್ಮು ಕಛೇರಿಯ ಅವಿಭಾಜ್ಯ ಅಂಗವಾಗಿದ್ದು' ಎಂದೆಲ್ಲ. ಕೊನೆಯಲ್ಲಿ ನನ್ನ ಹೆಸರಿಗೆ ಜಾಗ ಬಿಟ್ಟಿದ್ದಾರೆ, ಹುದ್ದೆಯ ಸಮೇತ.

"ನನ್ನ ಸಹಿ ಬೇಡ ಅಣ್ಣ." ಹೇಳಿದೆ. ಎಲ್ಲ.

ಅರ್ಜಿಯ ಪುಟಗಳನ್ನು ಒಂದರ ಮೇಲೊಂದು ಜೋಡಿಸಿದ. ಆಮೇಲೆ ಒಮ್ಮೆಲೇ ಗಂಟಲು ಹರಿಯುವಂತೆ, "ಟೀ ಇದೆಯೇನೇ?" ಎಂದ.

"ಕಿರುಚಬೇಡ ಮಾರಾಯ, ಅಷ್ಟೊಂದು ಹೋಗಿಲ್ಲ."

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಸಾಕಾಯಿತು. ಟೀ ಲೋಟ ಹಿಡಿದು ಕುಳಿತವನು ಕುಡಿಯಲೇ ಇಲ್ಲ.

"ಸೌಂಡ್ ಜೋರಾಗಿ ಇಡ್ತಿದ್ದೋನು ನಾನು," ಎಂದ. "ಇಪ್ಪತ್ತು ವರ್ಷ. ಬಲಗಡೆ ಸ್ಪೀಕರ್ ಪಕ್ಕದ ಸೋಫಾ ನಿಂದು. ಕೆಮ್ಮು ಚೆನ್ನಾಗಿ ಕೇಳ್ಲಿ ಅಂತ ನಾನೇ ಕೂರಿಸಿದ್ದು. ಅದಕ್ಕೇ ಹೀಗಾಯ್ತಾ?"

"ಗೊತ್ತಿಲ್ಲ ಅಣ್ಣ. ಇದ್ರೂ ಇರಬಹುದು."

ಅಲ್ಲ ಎನ್ನಬಹುದಿತ್ತು. ಸುಳ್ಳು ಸಾಕಾಗಿದೆ ನನಗೆ.

"ಹಾಗಿದ್ರೂ ನಂಗೆ ಬೇಜಾರಿಲ್ಲ," ಎಂದೆ.

"ನಂಗಿದೆ." ಕಣ್ಣೊರೆಸಿಕೊಂಡ. ಅಪ್ಪ ಹೋದಾಗಲೂ ಅಳದವನು. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು, ಮುಂದಿನ ತಿಂಗಳ ಭಾನುವಾರದ ಮಾತೆತ್ತದೆ ಹೋದ.

ಮಾರ್ಚ್ 27, ಬುಧವಾರ, ಮಧ್ಯಾಹ್ನ

ರೆಕಾರ್ಡ್ ರೂಮಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಪರೀಕ್ಷೆ ಆಯಿತು. ಡಾಕ್ಟರು ಇನ್ನೂ ಕರೆದಿಲ್ಲ.

ಬೂತಿನ ಒಳಗಡೆಯ ಕುರ್ಚಿಯಲ್ಲಿ ಮೊದಲ ಸಲ ಕುಳಿತೆ. ಇಷ್ಟು ವರ್ಷ ಗಾಜಿನ ಆ ಕಡೆಯೇ. ಕುರ್ಚಿಯ ಒಂದು ಕಾಲು ಗಿಡ್ಡ, ಅಲುಗಾಡುತ್ತದೆ. ಯಾರೂ ನನಗೆ ಹೇಳಿರಲಿಲ್ಲ.

ಮೋಸ ಮಾಡುವುದು ಎಷ್ಟು ಸುಲಭ ಎಂದು ಕುಳಿತ ಮೇಲೆ ಗೊತ್ತಾಯಿತು. ಟೋನಿನ ಕ್ರಮ ನನಗೆ ಬಾಯಿಪಾಠ. ಗಾಜಿನಾಚೆ ಟೆಕ್ನಿಷಿಯನ್ನನ ಭುಜ ಕಾಣುತ್ತದೆ. ಗುಂಡಿ ಒತ್ತಿದಾಗ ಒಂದಿಷ್ಟು ಇಳಿಯುತ್ತದೆ. ಅದನ್ನು ನೋಡಿ ನಾನೂ ಕೈಯಲ್ಲಿ ಕೊಟ್ಟಿರುವ ಗುಂಡಿ ಒತ್ತಿದರೆ ಆಯಿತು. ನಾಳೆ ಬೀಗದ ಕೈ ವಾಪಸ್. ಏಳು ವರ್ಷ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆಸೆಯಾಯಿತು, ಬಾಯಿ ಒಣಗುವಷ್ಟು.

ಎದ್ದು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತೆ. ಕಣ್ಣು ಮುಚ್ಚಿದೆ. ನಿಜವಾಗಿ ಕೇಳಿಸಿದ್ದಕ್ಕೆ ಮಾತ್ರ ಒತ್ತುವುದು, ಅನುಮಾನ ಬಂದರೆ ಇಲ್ಲ.

ಎಡಗಿವಿ ಪರವಾಗಿಲ್ಲ. ಕೊನೆಯ ಎರಡು ಸ್ವಲ್ಪ ತಡ. ಆಮೇಲೆ ಬಲ. ಒಂದು ಸಾವಿರ ಕೇಳಿಸಿತು, ಒತ್ತಿದೆ. ಎರಡು ಸಾವಿರ, ತಡವಾಗಿ. ನಾಲ್ಕು ಸಾವಿರ ಜೋರಾದ ಮೇಲೆ, ದೂರದಲ್ಲೆಲ್ಲೋ. ಇನ್ನು ಆರು ಸಾವಿರ. ಕಾದೆ. ಬಹಳ ಹೊತ್ತಾಯಿತು. ಮಷೀನು ಕೈಕೊಟ್ಟಿತೋ, ಟೀ ಕುಡಿಯಲು ಎದ್ದು ಹೋದನೋ ಎಂದುಕೊಂಡೆ. ನನ್ನ ಉಸಿರು ಬಿಟ್ಟರೆ ಏನೂ ಇಲ್ಲ. ಒತ್ತಬಾರದು, ಬಂದಾಗ ಒತ್ತಿದರಾಯಿತು ಎಂದು ಬೆರಳು ಹಿಡಿದುಕೊಂಡೇ ಇದ್ದೆ.

ಭುಜದ ಮೇಲೆ ಕೈ ಬಿತ್ತು. ಬೆಚ್ಚಿಬಿದ್ದೆ. ಅವನು ಬಾಗಿಲು ತೆರೆದು ಒಳಗೆ ಬಂದಿದ್ದ. ಎಡಗಡೆಯ ಹೆಡ್‌ಫೋನ್ ಮೆಲ್ಲಗೆ ಸರಿಸಿ, "ಮುಗೀತು ಮೇಡಂ," ಎಂದ. "ಆರೂ ಆಯ್ತು, ಎಂಟೂ ಆಯ್ತು. ಜೋರಿನ ಕೊನೇ ಮಟ್ಟದವರೆಗೂ ಕೊಟ್ಟೆ."

ನಾನಿನ್ನೂ ಆರು ಸಾವಿರ ಶುರುವಾಗಲಿ ಎಂದು ಕಾಯುತ್ತಲೇ ಇದ್ದೆ.